ಟ್ಯಾಂಕ್ ಬಾಗಿಲ ಹೊರಗೆ: ಹೊಸಬರೊಂದಿಗಿನ ಒಂದು ಆಟದ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಯಾರೂ ಯಾರಿಗೂ ಬೈದಿಲ್ಲ. ಯಾರನ್ನೂ ತಂಡದಿಂದ ಹೊರಗೆ ಹಾಕಿಲ್ಲ. ನಾಲ್ವರೂ ಗೆದ್ದರು, ನಾಲ್ವರಿಗೂ ಬಹುಮಾನ ಬಂತು, ಹೊಸದಾಗಿ ಬಂದವರು "ಛಲೋ ಆತು" ಎಂದೇ ಹೇಳಿ ಎದ್ದರು. ಆಮೇಲೆ ವಾರ ಕಳೆದರೂ ನಮ್ಮ ಜೊತೆ ಆಡಲು ಬರಲಿಲ್ಲ. ಆನ್‌ಲೈನ್ ಆಟದಲ್ಲಿ ಹೊಸಬರ ಮೇಲಾಗುವ ಒರಟುತನವೆಂದರೆ ಬೈಗುಳ, ಗೇಲಿ, ಕಿಕ್ ಅಷ್ಟೇ ಅಂದುಕೊಂಡವರಿಗೆ ಇಂಥದ್ದು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ಆ ರಾತ್ರಿ ನಾನು ಆಟದಲ್ಲಿರಲಿಲ್ಲ. ಆದರೆ ತಂಡದ ಒಬ್ಬ ಇಡೀ ಆಟವನ್ನು ರೆಕಾರ್ಡ್ ಮಾಡಿಟ್ಟಿದ್ದ. ಆ ವಿಡಿಯೊ ನೋಡಿ, ನಾಲ್ವರನ್ನೂ ಮಾತಾಡಿಸಿ ಬರೆದದ್ದು ಇದು.

ಯಾರ್ಯಾರು, ಯಾವ ಆಟ

ಆಟ ಫೈನಲ್ ಫ್ಯಾಂಟಸಿ 14. 2010ರಲ್ಲಿ ಬಂದು ನೆಲಕಚ್ಚಿ, 2013ರಲ್ಲಿ ಹೊಸದಾಗಿ ಕಟ್ಟಿ ಬಿಟ್ಟದ್ದು. ಇದರ ಉಚಿತ ಆವೃತ್ತಿಯಲ್ಲಿ 70ನೇ ಲೆವೆಲ್‌ವರೆಗೆ ದಿನಗಳ ಮಿತಿಯಿಲ್ಲದೆ ಆಡಬಹುದು, 2023ರ ಅಕ್ಟೋಬರ್‌ಗೆ ಮೊದಲು ಅದು 60ಕ್ಕೇ ನಿಲ್ಲುತ್ತಿತ್ತು. ಕಥೆಯ ಬಹುಪಾಲು ಒಬ್ಬರೇ ಆಡಿಕೊಂಡು ಹೋಗುವಂಥದ್ದು. ನಡುವೆ ಡಂಜನ್‌ಗಳು, ಅಂದರೆ ಶತ್ರುಗಳು ತುಂಬಿದ ಗುಹೆಯಂಥ ತಾಣಗಳು ಬರುತ್ತವೆ, ಅಲ್ಲಿ ನಾಲ್ವರು ಬೇಕು. ಏಟು ತಿನ್ನುತ್ತ ಮುಂದೆ ನಡೆಯುವ ಟ್ಯಾಂಕ್ ಒಬ್ಬ, ಗಾಯ ಮಾಯಿಸುವ ಹೀಲರ್ ಒಬ್ಬ, ಹೊಡೆಯುವುದೇ ಕೆಲಸವಾದ ಡಿಪಿಎಸ್ ಇಬ್ಬರು. ಮೊದಲನೇ ಡಂಜನ್ ಸಸ್ತಾಶಾ, 15ನೇ ಲೆವೆಲ್‌ಗೆ ತೆರೆಯುತ್ತದೆ.

ಹೊಸಬರು ಧಾರವಾಡ ಮಾಳಮಡ್ಡಿಯ ಒಬ್ಬ ಹೈಸ್ಕೂಲ್ ಅಕ್ಕಾರು, ಅಂದರೆ ಶಿಕ್ಷಕಿ. ಏಪ್ರಿಲ್‌ನಲ್ಲಿ ಪೇಪರ್ ತಿದ್ದುವ ಕೆಲಸ ಮುಗಿದ ಮೇಲೆ ಕೈ ಖಾಲಿಯಾಯಿತು, ಮಗನ ಹಳೇ ಲ್ಯಾಪ್‌ಟಾಪ್ ಮೂಲೆಯಲ್ಲಿತ್ತು. ಅವರನ್ನು ಕರೆತಂದವನು ಅವರದೇ ಹಳೇ ವಿದ್ಯಾರ್ಥಿ, ಈಗ ಹುಬ್ಬಳ್ಳಿ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಹೀಲರ್ ಸಪ್ತಾಪುರದ ಪಿಜಿಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿ. ನಾಲ್ಕನೆಯವನು ಗದಗದವನು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ, ನಮ್ಮ ಗುಂಪಿನಲ್ಲೇ ಎಲ್ಲರಿಗಿಂತ ಚುರುಕು. ಮಷಿನ್ ನಿಲ್ಲಿಸಿ, ಮನೆಗೆ ಬಂದು, ಊಟ ಮಾಡಿ ಕೂರುವ ಹೊತ್ತಿಗೆ ಹತ್ತು ಗಂಟೆ. ಆಟಕ್ಕೆ ಅವನಿಗೆ ಸಿಗುವುದು ಒಂದು ತಾಸು. ಇದನ್ನು ಓದುಗರು ನೆನಪಿನಲ್ಲಿಡಬೇಕು, ಯಾಕೆಂದರೆ ಅವನೇ ಈ ಕಥೆಯ ಖಳನಾಯಕ ಎನಿಸುವ ಸಂದರ್ಭ ಬರುತ್ತದೆ.

ಅಕ್ಕಾರು ಆರಿಸಿಕೊಂಡದ್ದು ಗ್ಲಾಡಿಯೇಟರ್, ಕತ್ತಿ ಮತ್ತು ಗುರಾಣಿ. ಅಂದರೆ ಟ್ಯಾಂಕ್. ಯಾಕೆ ಎಂದು ಕೇಳಿದರೆ, "ಮೂವತ್ತು ವರ್ಷ ಕ್ಲಾಸಿನಾಗ ಮುಂದ ನಿಂತೇನಿ, ಈಗ ಹಿಂದ ನಿಂತು ಏನ್ ಮಾಡ್ಲಿ?" ಎಂದರು.

ಆ ರಾತ್ರಿ

ಉಚಿತ ಆವೃತ್ತಿಯವರಿಗೆ ತಾವೇ ತಂಡ ಕಟ್ಟಲು ಬರುವುದಿಲ್ಲ, ಬೇರೆಯವರು ಕರೆಯಬೇಕು. ಹಳೇ ವಿದ್ಯಾರ್ಥಿ ಕರೆದ, ನಾಲ್ವರೂ ಸೇರಿದರು. ಮೂವರು ಅನುಭವಿಗಳ ಲೆವೆಲ್ ಎಷ್ಟೇ ಇರಲಿ, ಒಳಗೆ ಹೋದ ಕೂಡಲೇ ಆಟ ಅದನ್ನು ಡಂಜನ್ ಮಟ್ಟಕ್ಕೆ ಇಳಿಸುತ್ತದೆ. ಹೊಸಬರ ಪಕ್ಕದಲ್ಲಿ ನಿಂತಾಗ ಹಳಬರ ಕೈ ತೀರಾ ಮೇಲಾಗದಿರಲಿ ಎಂದು ಮಾಡಿದ ಏರ್ಪಾಡು. ಆದರೆ ಲೆವೆಲ್ ಇಳಿಸಬಹುದು, ದಾರಿಯ ಪರಿಚಯ ಇಳಿಸಲು ಬರುವುದಿಲ್ಲ. ಎಲ್ಲಿ ತಿರುವು, ಎಲ್ಲಿ ಕೀಲಿ, ಎಲ್ಲಿ ಬಾಸ್ ಎಂಬ ದೊಡ್ಡ ಶತ್ರು ಎಂಬುದು ಮೂವರಿಗೂ ಕಣ್ಣು ಮುಚ್ಚಿದರೂ ಗೊತ್ತು.

ವಿಡಿಯೊದ ಮೊದಲ ನಿಮಿಷದಲ್ಲೇ ಬಿರುಕು ಕಾಣುತ್ತದೆ. ಮೊದಲ ಸಲ ಒಳಗೆ ಹೋದವರಿಗೆ ಗುಹೆ ತೋರಿಸುವ ಚಿಕ್ಕ ದೃಶ್ಯ ಬರುತ್ತದೆ. ಅಕ್ಕಾರು ಅದನ್ನು ನೋಡುತ್ತಿದ್ದಾರೆ. ಆ ಹೊತ್ತಿಗೆ ಗದಗದ ಹುಡುಗ ಎರಡು ಗುಂಪು ಪ್ರಾಣಿಗಳನ್ನು ಎಳೆದುಕೊಂಡು ಹೋಗಿ ಮುಗಿಸಿದ್ದಾನೆ. ದೃಶ್ಯ ಮುಗಿದು ಅಕ್ಕಾರು ನೋಡಿದಾಗ ನೆಲದ ಮೇಲೆ ಹೆಣಗಳು, ದೂರದಲ್ಲಿ ಮೂವರ ಬೆನ್ನು.

ಎರಡನೆಯ ತಾಣ ಹವಳದ ಗುಹೆ. ಅಲ್ಲಿ ನೆಲದ ಮೇಲೆ ರಕ್ತದ ಕಲೆಯ ಚೀಟಿಯೊಂದು ಬಿದ್ದಿರುತ್ತದೆ, ಅದರಲ್ಲಿ ಯಾವ ಬಣ್ಣದ ಹವಳ ಮುಟ್ಟಬೇಕೆಂಬ ಸುಳಿವು. ಸರಿಯಾದ್ದು ಮುಟ್ಟಿದರೆ ಮೊದಲ ಬಾಸ್ ಹೊರಬರುತ್ತದೆ, ತಪ್ಪಾದರೆ ಬೇರೆ ಜಂತುಗಳು ಮೈಮೇಲೆ ಬರುತ್ತವೆ. ಇಡೀ ಡಂಜನ್‌ನಲ್ಲಿ ಓದಿ ಬಿಡಿಸಬೇಕಾದ ಒಗಟು ಇದೊಂದೇ. ಓದುವುದು ಅಕ್ಕಾರ ಹುಟ್ಟುಗುಣ. ಚೀಟಿ ತೆರೆದು ನಿಂತರು. ಅವರ ಪರದೆಯಲ್ಲಿ ಚೀಟಿ ಇನ್ನೂ ತೆರೆದೇ ಇರುವಾಗ ಹಿಂದಿನಿಂದ ಬಾಸಿನ ಗುರ್ರೆನ್ನುವ ಸದ್ದು. ಆಡುತ್ತ ಮಾತಾಡಲು ಬಳಸುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಅವರದು ಒಂದೇ ಮಾತು: "ಅಯ್ಯ, ಬಂತ?"

ಮೂರನೆಯ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ. 10ನೇ ಲೆವೆಲ್‌ಗೆ ಗ್ಲಾಡಿಯೇಟರ್‌ಗೆ ಐರನ್ ವಿಲ್ ಎಂಬ ಸ್ಟಾನ್ಸ್ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಶತ್ರುಗಳು ಬೇರೆಯವರನ್ನು ಬಿಟ್ಟು ಟ್ಯಾಂಕ್ ಕಡೆ ತಿರುಗುತ್ತಾರೆ. ಟ್ಯಾಂಕ್‌ನ ಕೆಲಸ ನಿಂತಿರುವುದೇ ಅದರ ಮೇಲೆ. ಅಕ್ಕಾರದು ಕೊನೆಯತನಕ ಆಫ್ ಇತ್ತು. ಒಂದು ಬಟನ್ ಒತ್ತಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಎಷ್ಟು ಹೊಡೆದರೂ ಪ್ರಾಣಿಗಳು ಅವರನ್ನು ಬಿಟ್ಟು ಹುಡುಗರ ಬೆನ್ನು ಹತ್ತುತ್ತಿದ್ದವು. ಆನ್ ಇದ್ದರೆ ತಂಡದ ಪಟ್ಟಿಯಲ್ಲಿ ಅವರ ಹೆಸರಿನ ಪಕ್ಕ ಚಿಹ್ನೆ ಕಾಣುತ್ತದೆ. ಅದಿಲ್ಲದ್ದು ಹೀಲರ್ ಹುಡುಗಿಗೆ ಕಂಡಿತ್ತು. ಹಳೇ ವಿದ್ಯಾರ್ಥಿಗೂ ಕಂಡಿತ್ತು. ಇಬ್ಬರೂ ಹೇಳಲಿಲ್ಲ.

ಕೊನೆಯ ಬಾಸಿನ ಹತ್ತಿರ ಅಕ್ಕಾರು ಹಿಂದೆ ಉಳಿದ ಪೆಟ್ಟಿಗೆ ತೆಗೆಯಲು ನಿಂತರು. ಬಾಸಿನ ಜೊತೆ ಕಾದಾಟ ಶುರುವಾದ ಕ್ಷಣದಿಂದ 15 ಸೆಕೆಂಡ್‌ಗೆ ಆ ಜಾಗ ಮುಚ್ಚಿಕೊಳ್ಳುತ್ತದೆ, ಆಮೇಲೆ ಹೊರಗಿದ್ದವರು ಹೊರಗೇ. ಗದಗದವನು ಬಾಣ ಬಿಟ್ಟ. ಬಾಗಿಲು ಮುಚ್ಚಿತು. ತಂಡದ ಟ್ಯಾಂಕ್ ಗೆರೆಯ ಆಚೆ ನಿಂತು ಕಾದಾಟ ಮುಗಿಯುವವರೆಗೆ ನೋಡಿತು. ಒಳಗೆ ಮೂವರಿಗೆ ಏನೂ ಕಷ್ಟವಾಗಲಿಲ್ಲ. ಅವರ ಉಡುಪು, ಆಯುಧ ಒಳ್ಳೆಯವು, ಕೈ ಪಳಗಿದ್ದು.

"ಮುಗೀತ್ರಿ ಅಕ್ಕಾರ!" ಎಂದ ವಿದ್ಯಾರ್ಥಿ, ಸಂತೋಷದಿಂದಲೇ.

"ಹೌದ? ಛಲೋ ಆತು ತಮ್ಮಾ."

ಮೂವರು ಏನಂದರು

ವಾರ ಕಳೆದರೂ ಅಕ್ಕಾರು ಬರದಿದ್ದಾಗ ವಿದ್ಯಾರ್ಥಿ, ಮದುವೆ ಸೀಸನ್ ಅಲ್ಲವೇ, ಊರಿಗೆ ಹೋಗಿರಬೇಕು ಅಂದುಕೊಂಡ. ಆಮೇಲೆ ತಿಳಿಯಿತು, ಅವರು ದಿನವೂ ಆಡುತ್ತಿದ್ದಾರೆ, ಒಬ್ಬರೇ. 2022ರಿಂದ ಈ ಆಟದ ಆರಂಭದ ಕಥೆಯ ಡಂಜನ್‌ಗಳನ್ನೂ ಕಂಪ್ಯೂಟರ್ ನಡೆಸುವ ಮೂವರು ಜೊತೆಗಾರರೊಂದಿಗೆ ಆಡುವ ಏರ್ಪಾಡು ಇದೆ, ಡ್ಯೂಟಿ ಸಪೋರ್ಟ್ ಅನ್ನುತ್ತಾರೆ. ಸಸ್ತಾಶಾವನ್ನು ಅಕ್ಕಾರು ಹಾಗೆ ಮತ್ತೆ ಆಡಿ ಮುಗಿಸಿದ್ದರು. ಯಾಕೆ ಎಂದು ನಾನೇ ಫೋನ್ ಮಾಡಿ ಕೇಳಿದೆ.

"ಅವು ನಾ ಹೊಡಿಯೂತನಕ ಸುಮ್ನ ನಿಂದರತಾವ್ರಿ. ಏನೂ ಅನ್ನೂದಿಲ್ಲ," ಎಂದರು. ದೂರಿನ ದನಿ ಇರಲಿಲ್ಲ. ಅದಕ್ಕೇ ಚುಚ್ಚಿತು.

ಹೀಲರ್ ಹುಡುಗಿಯನ್ನು ಸ್ಟಾನ್ಸ್ ಬಗ್ಗೆ ಕೇಳಿದೆ. "ಅಕ್ಕಾರಿಗೆ ನಾ ಹೆಂಗ ಹೇಳ್ಲಿರಿ? ನೀವು ತಪ್ಪು ಮಾಡಾಕತ್ತೀರಿ ಅಂತ ದೊಡ್ಡವರಿಗೆ ಎಲ್ಲಾರ ಮುಂದ ಅನ್ನಾಕ ಬಾಯಿ ಬರಲಿಲ್ಲ." ವಿದ್ಯಾರ್ಥಿಯದೂ ಅದೇ ಉತ್ತರ, ಇನ್ನಷ್ಟು ಸಂಕೋಚದಲ್ಲಿ. ಒಂಬತ್ತನೆಯ ಇಯತ್ತೆಯಲ್ಲಿ ತನ್ನ ಕಿವಿ ಹಿಂಡಿದವರಿಗೆ ಬಟನ್ ಒತ್ತಿ ಎಂದು ಹೇಳಲು ಅವನಿಗೆ ಧೈರ್ಯ ಸಾಲಲಿಲ್ಲ. ನಮ್ಮ ಕಡೆಯ ಮರ್ಯಾದೆಯ ಈ ಮುಖದ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತುಮಾತಿಗೂ ರೀ ಹಚ್ಚಿದರು, ಅಕ್ಕಾರ ಅಕ್ಕಾರ ಎಂದರು, ಆದರೆ ಅವರ ಕೈಗೆ ಅವರ ಕೆಲಸವನ್ನು ಕೊಡಲಿಲ್ಲ. ಇದೇ ಹೊಸಬ ಹದಿನೆಂಟರ ಹುಡುಗನಾಗಿದ್ದರೆ "ಲೇ, ಸ್ಟಾನ್ಸ್ ಹಾಕಲೇ" ಎಂದು ಯಾರೋ ಒದರುತ್ತಿದ್ದರು, ಅವನು ಹಾಕುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು.

ಗದಗದವನು ನೇರ ಮಾತಿನವನು. "ನಾ ಏನ್ ಅಂದೇನ್ರಿ ಅವರಿಗೆ? ಒಂದ್ ಮಾತ್ ಆಡಿಲ್ಲ. ಲಗೂನ ಮುಗಿಸಿಕೊಟ್ಟೇನಿ. ನಾ ಹೊಸಬ ಇದ್ದಾಗ ಇಷ್ಟು ಲಗೂನ ಯಾರರ ಮುಗಿಸಿಕೊಟ್ಟಿದ್ರ ಕೈ ಮುಗೀತಿದ್ನಿ." ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಉಪಕಾರ.

ಅವನೊಬ್ಬನದೇ ಲೆಕ್ಕ ಅಲ್ಲ ಇದು

ಈ ಲೆಕ್ಕ ಎಲ್ಲಿಂದ ಬಂತೆಂದು ತಿಳಿಯಲು ಇನ್ನೊಂದು ಆಟದ ಕಡೆ ಒಮ್ಮೆ ನೋಡಬೇಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಮೊದಲು ಡಂಜನ್‌ಗೆ ಹೋಗಬೇಕೆಂದರೆ ಚಾಟ್‌ನಲ್ಲಿ ಕೂಗಿ ಕೂಗಿ ಜನರನ್ನು ಕೂಡಿಸಬೇಕಿತ್ತು. ಒಂದೇ ಸರ್ವರ್‌ನ ಮಂದಿ, ನಾಳೆ ಮತ್ತೆ ಮುಖ ನೋಡಬೇಕಾದವರು. ಕೆಟ್ಟ ಹೆಸರು ಬಂದರೆ ಕರೆಯುವವರು ಇರುತ್ತಿರಲಿಲ್ಲ. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂತು. ಬಟನ್ ಒತ್ತಿ ಸಾಲಿನಲ್ಲಿ ನಿಂತರೆ ಬೇರೆ ಬೇರೆ ಸರ್ವರ್‌ಗಳಿಂದ ಅಪರಿಚಿತರನ್ನು ಆಟವೇ ತಂದು ಕೂಡಿಸುತ್ತದೆ. ತಾಸುಗಟ್ಟಲೆ ಕಾಯುವುದು ತಪ್ಪಿತು, ಮತ್ತೆ ಮುಖ ನೋಡುವ ಭಯವೂ ತಪ್ಪಿತು. ಅಂದಿನಿಂದ ಇಂಥ ಆಟಗಳಲ್ಲಿ ಡಂಜನ್ ಎಂದರೆ ಬೇಗ ಮುಗಿಸಿ ಬಹುಮಾನ ಎತ್ತಿಕೊಳ್ಳುವ ದಿನಗೂಲಿ.

ಫೈನಲ್ ಫ್ಯಾಂಟಸಿ 14 ಇದಕ್ಕೆ ಅಡ್ಡಗೋಡೆ ಹಾಕುತ್ತಲೇ ಬಂದಿದೆ. ಹೊಸಬರ ಹೆಸರಿನ ಪಕ್ಕ ಮೊಳಕೆಯ ಚಿಹ್ನೆ. ತಂಡದಲ್ಲಿ ಯಾರಾದರೂ ಆ ಡಂಜನ್‌ಗೆ ಮೊದಲ ಸಲ ಬಂದಿದ್ದರೆ ಉಳಿದವರಿಗೆ ಹೆಚ್ಚಿನ ಬಹುಮಾನ, ಮತ್ತು ಅದನ್ನು ಹೇಳುವ ಸಂದೇಶ. ಒಂದು ಡಂಜನ್‌ಗೆ 90 ನಿಮಿಷದ ಅವಧಿ, ಬಲ್ಲವರಿಗೆ ಸಸ್ತಾಶಾ ಕಾಲು ತಾಸಿನ ಕೆಲಸ. ಆದರೂ ಹಳಬರ ಆತುರ ನಿಲ್ಲಲಿಲ್ಲ. ಮೂಲ ಕಥೆಯ ಕೊನೆಯ ಎರಡು ಡಂಜನ್‌ಗಳಲ್ಲಿ ಉದ್ದುದ್ದ ದೃಶ್ಯಗಳಿದ್ದವು. ಆಗ ಎಂಟು ಜನ ಆಡುವ ಜಾಗ ಅದು. ಹೊಸಬರು ತಾವು ಇಷ್ಟು ದಿನ ಆಡಿದ ಕಥೆಯ ಕೊನೆ ನೋಡುತ್ತ ಕೂತಾಗ ಹಳಬರು ಮುಂದೆ ಹೋಗಿ ಬಾಸ್‌ಗಳನ್ನು ಮುಗಿಸಿಬಿಡುತ್ತಿದ್ದರು. ಕಂಪನಿ 2018ರಲ್ಲಿ ಆ ದೃಶ್ಯಗಳನ್ನು ಯಾರೂ ದಾಟಿಸಿಕೊಂಡು ಹೋಗದಂತೆ ಮಾಡಿತು, ಆಗ ಹಳಬರು ಕೂತು ಆಕಳಿಸತೊಡಗಿದರು. 2022ರಲ್ಲಿ ಎರಡನ್ನೂ ನಾಲ್ವರ ಡಂಜನ್ ಆಗಿ ಹೊಸದಾಗಿ ಕಟ್ಟಿದರು. ಸೌಜನ್ಯವನ್ನು ನಿಯಮದಿಂದ ತರಲು ಹೋಗಿ, ಕೊನೆಗೆ ಕಟ್ಟಡವನ್ನೇ ಬದಲಿಸಬೇಕಾಯಿತು. ನನಗೆ ಕಂಪನಿಯ ಮೇಲೆ ಸಿಟ್ಟಿಲ್ಲ. ಮನುಷ್ಯರ ಬದಲು ಕಂಪ್ಯೂಟರ್ ಜೊತೆಗಾರರನ್ನು ಕೊಟ್ಟದ್ದೂ ಸರಿಯೇ. ವಾರ್‌ಕ್ರಾಫ್ಟ್ ಕೂಡ 2024ರ ಜನವರಿಯಲ್ಲಿ ಇದನ್ನೇ ಮಾಡಿತು.

ಮಾಳಮಡ್ಡಿಯ ಬೈಠಕ್

ಒಂದು ರವಿವಾರ ಐವರೂ ಅಕ್ಕಾರ ಮನೆಯಲ್ಲಿ ಸೇರಿದೆವು. ಗಿರ್ಮಿಟ್, ಮಿರ್ಚಿ, ಚಹಾ. ವಿಡಿಯೊ ಹಾಕಿದೆ. ಗೆರೆಯ ಆಚೆ ನಿಂತ ಗ್ಲಾಡಿಯೇಟರ್ ಕಂಡಾಗ ಯಾರೂ ಮಾತಾಡಲಿಲ್ಲ, ಅಕ್ಕಾರೇ ನಕ್ಕರು.

"ಪಂಕ್ತಿಯೊಳಗ ಕೂತ ಮ್ಯಾಲೆ ನಮ್ಮ ಎಲಿ ಖಾಲಿ ಆತಂತ ಎದ್ದು ಹೋಗ್ತೀರೇನು? ಪಕ್ಕದವರದು ಮುಗೀಲಿ ಅಂತೀರಿಲ್ಲೋ?" ಎಂದರು.

ಗದಗದವನು ಬಿಡಲಿಲ್ಲ. "ಅಕ್ಕಾರ, ಅದು ಮದುವಿ ಊಟ. ಇದು ಖಾನಾವಳಿರಿ. ಬಂದ್ವಿ, ಉಂಡ್ವಿ, ಕೈ ತೊಕ್ಕೊಂಡು ಹೊಂಟ್ವಿ. ಹಿಂದ ಇನ್ನೊಬ್ಬ ಜಾಗಾಕ್ಕ ಕಾಯಾಕತ್ತಿರ್ತಾನ."

ನನಗೆ ಅವನ ಮಾತು ಸರಿ ಅನಿಸಿತು, ಅರ್ಧ. ದಿನದ ರೂಲೆಟ್ ಹಾಕಿ, ಅಂದರೆ ಆಟವೇ ಆರಿಸಿಕೊಟ್ಟ ಡಂಜನ್‌ಗೆ ಹೋಗಿ, ಅಪರಿಚಿತರೊಂದಿಗೆ ಆಡುವುದು ನಿಜವಾಗಿ ಖಾನಾವಳಿಯೇ. ಅಲ್ಲಿ ಹೊಸಬರಿಗಾಗಿ ಅರ್ಧ ತಾಸು ನಿಲ್ಲು ಎಂದು ದುಡಿದು ಬಂದವನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಮೊಳಕೆ ಕಂಡರೆ ಒಂದು ನಮಸ್ಕಾರ, ದೃಶ್ಯ ನೋಡುತ್ತಿದ್ದರೆ ಬಾಸಿನ ಮುಂದೆ ನಿಲ್ಲುವುದು, ಇಷ್ಟು ಸಾಕು. ಆದರೆ ಆ ರಾತ್ರಿಯದು ರೂಲೆಟ್ ಆಗಿರಲಿಲ್ಲ. ನಾವು ಕರೆದು ಕೂರಿಸಿದ ಪಂಕ್ತಿ. ಅದನ್ನು ಅವನಿಗೆ ಹೇಳಿದೆ. "ಹಂಗಂದ್ರ ಮೊದ್ಲ ಹೇಳಬೇಕಿತ್ತು, ಇವತ್ತ ಲಗೂನ ಮುಗಿಯೂದಿಲ್ಲ ಅಂತ. ನಾ ಬರ್ತಿದ್ದಿಲ್ಲ," ಎಂದ. ಇದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಅವನಿಗೂ ಯಾರೂ ಏನೂ ಹೇಳಿರಲಿಲ್ಲ.

ಇನ್ನೊಂದು ಚಿಕ್ಕ ಸಂಗತಿಯೂ ಅಲ್ಲೇ ಬಂತು. ಡಂಜನ್ ಮುಗಿದಾಗ ಪ್ರತಿಯೊಬ್ಬರೂ ಜೊತೆಗಾರರಲ್ಲಿ ಒಬ್ಬರಿಗೆ ಮೆಚ್ಚುಗೆ ಕೊಡಬಹುದು. ಆದರೆ ಮೊದಲೇ ತಂಡ ಕಟ್ಟಿಕೊಂಡು ಹೋದವರು ಪರಸ್ಪರ ಕೊಡಲು ಆಗುವುದಿಲ್ಲ, ಅಪರಿಚಿತರಿಗೆ ಮಾತ್ರ. ಗೆಳೆಯರು ಹಂಚಿಕೊಂಡು ಲೂಟಿ ಮಾಡಬಾರದೆಂಬ ಎಚ್ಚರಿಕೆ ಇರಬೇಕು. ಪರಿಣಾಮ ಏನೆಂದರೆ, ನಮ್ಮವರೊಳಗೆ ತಾಳ್ಮೆ ತೋರಿದವರಿಗೆ ಆಟದಿಂದ ಏನೂ ಸಿಗುವುದಿಲ್ಲ.

ಎರಡನೆಯ ಪ್ರಯತ್ನ, ಕೆಟ್ಟದ್ದು

ಮರುದಿನ ಗದಗದವನು ಬರಲಿಲ್ಲ, ಅವನ ಜಾಗದಲ್ಲಿ ನಾನು ಕೂತೆ. ವಿದ್ಯಾರ್ಥಿ ಪಶ್ಚಾತ್ತಾಪದಿಂದ ಉಬ್ಬಿಹೋಗಿದ್ದ. ಒಳಗೆ ಹೋದದ್ದೇ ತಡ, ಡಿಸ್ಕಾರ್ಡ್‌ನಲ್ಲಿ ಅವನ ದನಿ ನಿಲ್ಲಲಿಲ್ಲ. "ಅಕ್ಕಾರ, ಈಗ ಎಡಕ್ಕ. ಅಕ್ಕಾರ, ಎರಡನೇ ಬಟನ್. ಆ ಚೀಟಿ ಓದೂದು ಬ್ಯಾಡ್ರಿ, ಈ ಸಲ ಕೆಂಪು ಐತಿ. ಈಗ ಗುರಾಣಿ ಒಗೀರಿ. ಈಗಲ್ರಿ, ಈಗ!" ಸ್ಟಾನ್ಸ್ ಮಾತ್ರ ಮೊದಲೇ ಹೇಳಿದ್ದ, ಅದು ಒಳ್ಳೆಯದಾಯಿತು. ನಡುವೆ ಅವನೇ ಒಂದು ಸಲಹೆ ಕೊಟ್ಟ: ಲೆವೆಲ್ ಇಳಿಸದ ಹಾಗೆ ಸೆಟ್ಟಿಂಗ್ ಇದೆ, ಅದನ್ನು ಹಾಕಿಕೊಂಡು ಬಂದರೆ ತಾನೊಬ್ಬನೇ ಎಲ್ಲ ಮುಗಿಸುತ್ತೇನೆ, ಅಕ್ಕಾರು ಆರಾಮಾಗಿ ಸುತ್ತಾಡಿ ನೋಡಬಹುದು. ಹೀಲರ್ ಹುಡುಗಿ ತಕ್ಷಣ, "ಅಣ್ಣಾ, ಅದು ಮ್ಯೂಸಿಯಮ್ ಆಕ್ಕೈತಿ," ಎಂದಳು.

ಅಕ್ಕಾರು ಹೆಡ್‌ಫೋನ್ ತೆಗೆದಿಟ್ಟರು. ಪರದೆಯಲ್ಲಿ ಗೊತ್ತಾಯಿತು: ಗ್ಲಾಡಿಯೇಟರ್ ಇದ್ದಕ್ಕಿದ್ದಂತೆ ಸರಿಯಾಗಿ ಆಡತೊಡಗಿತು.

ನನ್ನ ಅಭಿಪ್ರಾಯದಲ್ಲಿ ಇದು ಮೊದಲ ರಾತ್ರಿಗಿಂತ ಹಗುರವಾದ ತಪ್ಪೇನಲ್ಲ. ಅವತ್ತು ಆಟವನ್ನು ಕಾಲಿನ ವೇಗದಿಂದ ಕಸಿದುಕೊಂಡಿದ್ದರು, ಇವತ್ತು ಬಾಯಿಯಿಂದ. ಎರಡೂ ಸಲ ಹವಳದ ಬಣ್ಣವನ್ನು ಬೇರೆ ಯಾರೋ ಕಂಡುಹಿಡಿದರು.

ಮೂರನೆಯ ಸಲ

ಮೊದಲೇ ಕೂತು ಮೂರು ಮಾತು ಗೊತ್ತುಮಾಡಿಕೊಂಡೆವು. ಅಕ್ಕಾರು ಮುಂದೆ, ಅವರು ಹೊಡೆಯುವತನಕ ಯಾರೂ ಕೈ ಎತ್ತಬಾರದು. ಉತ್ತರ ಹೇಳುವವಳು ಹೀಲರ್ ಒಬ್ಬಳೇ, ಅದೂ ಕೇಳಿದರೆ ಮಾತ್ರ. ಆದರೆ ಕೇಳಲಾಗದಂಥದ್ದು, ಅಂದರೆ ಇದೆ ಎಂದೇ ಗೊತ್ತಿಲ್ಲದ ಬಟನ್‌ನಂಥದ್ದು, ಅದನ್ನು ಕೇಳದಿದ್ದರೂ ಹೇಳಬೇಕು, ದೊಡ್ಡವರು ಚಿಕ್ಕವರು ನೋಡಬಾರದು. ಈ ಮೂರನೆಯದನ್ನು ಅಕ್ಕಾರೇ ಸೇರಿಸಿದ್ದು. "ಹೇಳದ ಸುಮ್ನ ಕೂತ್ರಿ ಅಂದ್ರ ನಂಗ ಸಿಟ್ಟು ಬರ್ತದ," ಎಂದರು. ಹೀಲರ್‌ಗೆ ಅಷ್ಟು ಸಾಕಾಯಿತು.

ಚೀಟಿಯ ಮುಂದೆ ಮೂವರೂ ನಿಂತೆವು. ಕೆಲಸವಿಲ್ಲದೆ ನಿಲ್ಲುವುದು ಹಳೇ ಆಟಗಾರರಿಗೆ ಎಷ್ಟು ಕಷ್ಟ ಎಂಬುದು ಅವತ್ತು ತಿಳಿಯಿತು. ವಿದ್ಯಾರ್ಥಿಯ ಪಾತ್ರ ಸುಮ್ಮನೆ ಎಗರುತ್ತಿತ್ತು. "ನೀಲಿ," ಎಂದರು ಅಕ್ಕಾರು, ತಾವೇ ಹೋಗಿ ಮುಟ್ಟಿದರು, ಬಾಸ್ ಬಂತು.

ಕೊನೆಯ ಬಾಸ್ ಮೀನುಮೋರೆಯ ಸಹಗಿನ್‌ಗಳ ನಾಯಕ. ಕಾದಾಟದ ನಡುವೆ ಸುತ್ತಲಿನ ನೀರಿನ ಕಂಡಿಗಳಲ್ಲಿ ಗುಳ್ಳೆ ಏಳುತ್ತದೆ. ಆಗ ಹೋಗಿ ಮುಟ್ಟಿದರೆ ಅದು ಮುಚ್ಚಿಕೊಳ್ಳುತ್ತದೆ, ಬಿಟ್ಟರೆ ಅಲ್ಲಿಂದ ಹೊಸ ಸಹಗಿನ್ ಮೇಲೆ ಬರುತ್ತದೆ. ಮೊದಲೆರಡು ಸಲ ಹುಡುಗರು ಅಭ್ಯಾಸಬಲದಿಂದ ಮುಚ್ಚಿಬಿಟ್ಟಿದ್ದರು, ಅಕ್ಕಾರಿಗೆ ಅದು ಕಾಣಲೇ ಇರಲಿಲ್ಲ. ಈ ಸಲ ನಾವು ಕೈ ಕಟ್ಟಿಕೊಂಡೆವು. ಸಹಗಿನ್‌ಗಳು ಬಂದವು, ನೇರ ಹೀಲರ್ ಮೇಲೆ ಬಿದ್ದವು. ಅಕ್ಕಾರು ಬಾಸನ್ನು ಎಳೆದುಕೊಂಡೇ ಅವಳ ಹತ್ತಿರ ಓಡಿ, ಸುತ್ತ ಬೀಸುವ ಏಟು ಎರಡು ಸಲ ಬೀಸಿದರು. ಸ್ಟಾನ್ಸ್ ಆನ್ ಇತ್ತು. ಎಲ್ಲ ಒಟ್ಟಿಗೆ ಅವರ ಕಡೆ ತಿರುಗಿದವು.

"ಬಂದ್ವು ನೋಡ್ರಿ, ಬಂದ್ವು! ಏ ತಮ್ಮಾ, ಆ ಗುಳ್ಳಿ ಬರೂ ಕಡಿಂದನ ಬರಾಕತ್ತಾವಲ್ಲೋ! ಹೋಗಿ ಮುಚ್ಚು!"

ವಿದ್ಯಾರ್ಥಿ ಓಡಿದ. ಆವತ್ತು ಮೊದಲ ಬಾರಿಗೆ ಅವರು ಅವನಿಗೆ ಕೆಲಸ ಹೇಳಿದ್ದು. ವೇಳೆ ನೋಡಿದರೆ ಬಲ್ಲವರ ಎರಡರಷ್ಟು ಹಿಡಿದಿತ್ತು. 90 ನಿಮಿಷದ ಲೆಕ್ಕದಲ್ಲಿ ಏನೂ ಅಲ್ಲ, ಪಿಜಿಯಲ್ಲಿ ಮರುದಿನದ ಮಾಕ್ ಟೆಸ್ಟ್ ಇಟ್ಟುಕೊಂಡು ಕೂತ ಹುಡುಗಿಯ ಲೆಕ್ಕದಲ್ಲಿ ಸ್ವಲ್ಪ ಹೆಚ್ಚೇ. ಅವಳು ಅದನ್ನು ಹೇಳಿಯೂ ಹೇಳಿದಳು.

ಈಗ

ಅಕ್ಕಾರು ಎರಡನೆಯ ಡಂಜನ್‌ಗೆ ನಮ್ಮನ್ನು ಕರೆಯದೆ ಡ್ಯೂಟಿ ಫೈಂಡರ್‌ನಲ್ಲಿ ಅಪರಿಚಿತರೊಂದಿಗೆ ಹೋದರು. ನಾವು ಆಡುವುದು ಜಪಾನಿನ ಸರ್ವರ್‌ನಲ್ಲಿ. ಅಲ್ಲಿಯವರು ಒಳಗೆ ಬಂದ ಕೂಡಲೇ ನಮಸ್ಕಾರ, ಮುಗಿದಾಗ ದಣಿವಿಗೆ ಧನ್ಯವಾದ ಹೇಳುವುದು ರೂಢಿ. ಭಾಷೆ ಬಾರದವರಿಗೆ ಆಟದಲ್ಲೇ ಸಿದ್ಧ ನುಡಿಗಳ ಪಟ್ಟಿ ಇದೆ, ಒಂದನ್ನು ಆರಿಸಿ ಕಳಿಸಿದರೆ ಎದುರಿನವರಿಗೆ ಅವರ ಭಾಷೆಯಲ್ಲಿ ಕಾಣುತ್ತದೆ. ಅಕ್ಕಾರು ಅದರಿಂದಲೇ ತಾವು ಹೊಸಬರೆಂದು ತಿಳಿಸಿದರಂತೆ. ಮೂರು ಮೆಚ್ಚುಗೆ ಬಂದವು, ಸ್ಕ್ರೀನ್‌ಶಾಟ್ ಗುಂಪಿಗೆ ಕಳಿಸಿದರು. ಗದಗದವನು ಅದಕ್ಕೆ ಹೆಬ್ಬೆರಳೆತ್ತಿದ.

ಅವನ ವಿಷಯ ಪೂರ್ತಿ ಬಗೆಹರಿದಿಲ್ಲ. ಹೊಸಬರನ್ನು ಕರೆದುಕೊಂಡು ಹೋಗುವ ರಾತ್ರಿ ಅದನ್ನು ಸಂಜೆಯೇ ಗುಂಪಿನಲ್ಲಿ ಹಾಕುತ್ತೇವೆ, ಅವನು ಬರುವುದಿಲ್ಲ, ಯಾರೂ ಯಾಕೆ ಎನ್ನುವುದಿಲ್ಲ. ಒಬ್ಬಿಬ್ಬರಿಗೆ ಇದು ಅವನನ್ನು ದೂರ ಇಟ್ಟಂತೆ ಅನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ಇರುವ ಒಂದು ತಾಸನ್ನು ತನಗೆ ಬೇಕಾದಂತೆ ಆಡುವುದು ಅವನ ಹಕ್ಕು. ಕಳೆದ ತಿಂಗಳು ಮಾತ್ರ ಪ್ರೆಸ್ಸಿಗೆ ರಜೆ ಇದ್ದ ದಿನ ಹೊಸ ಹುಡುಗನೊಬ್ಬನ ಸಸ್ತಾಶಾಕ್ಕೆ ತಾನೇ ಬಂದ. ಚೀಟಿಯ ಮುಂದೆ ಎಷ್ಟೋ ಹೊತ್ತು ನಿಂತ, ಆಮೇಲೆ ಮೈಕ್ ಆಫ್ ಮಾಡಲು ಮರೆತು ಮನೆಯಲ್ಲಿ ಯಾರಿಗೋ, "ಚಹಾ ಇಡು, ಇನ್ನೂ ಓದಾಕತ್ತಾನ," ಎಂದ.